ಮಂಗಳವಾರ ಬರಲು ಹೇಳಿದ ಚೀಟಿ

ಮನಸ್ಸಿನ ಬೇನೆಗೆ ತಾಯಿತ ಇಲ್ಲವೆ ಬೈಗುಳ, ಇವೆರಡೇ ಮದ್ದೆಂದು ನಂಬಿದ್ದ ಯಾದಗಿರಿ ಸೀಮೆಯಲ್ಲಿ, ಬಂದವರಿಗೆ ಕುರ್ಚಿ ಎಳೆದು ಕೊಟ್ಟು ‘ಕೂಡ್ರಿ, ಹೇಳ್ರಿ’ ಎಂದ ಮೊದಲಿಗರ ಸಾಲಿನಲ್ಲಿ ಶ್ರೀಮತಿ ಉಮೆಸಲ್ಮಾ ಅವರ ಹೆಸರು ನಿಲ್ಲುತ್ತದೆ. ಶಹಾಪುರದ ಪುಟ್ಟ ಸಮಾಲೋಚನಾ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಊರವರ ದುಃಖ ಕೇಳಿದ ಅವರು, ನಿವೃತ್ತಿಯ ಹೊಸ್ತಿಲಲ್ಲಿ ತಮ್ಮ ದುಃಖವನ್ನೂ ಸೇರಿಸಿ ಆತ್ಮಕಥನ ಬರೆದಿದ್ದಾರೆ. ಊರೆಲ್ಲ ಅದನ್ನು ಹೊಗಳಿತು. ಓದಿ ಊಟ ಬಿಟ್ಟವರು ಒಬ್ಬರೇ: ಅದೇ ಕೇಂದ್ರದ ಬಾಗಿಲಲ್ಲಿ ಅಷ್ಟೇ ವರ್ಷ, ಯಾವ ದಿನ ಬರಬೇಕೆಂಬ ಚೀಟಿ ಬರೆದುಕೊಟ್ಟ ಜವಾನ ಅಂಬಣ್ಣ.

ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಸಾವಿನ ಸುದ್ದಿ ಏಕೆಂದು ಮೂಗು ಮುರಿಯುವವರು ಮುರಿಯಲಿ. ಇದನ್ನು ಬರೆಯಿರೆಂದು ಕೇಳಿದವರು ಅಂಬಣ್ಣನವರೇ. ಹತ್ತು ವರ್ಷಗಳ ಹಿಂದೆ, ಒಂದು ಶುಕ್ರವಾರ ಸಂಜೆ, ಮುಜಫರ ಎಂಬ ಕಾರ್ಖಾನೆ ಕೆಲಸಗಾರ ಸೈದಾಪುರದಿಂದ ಎರಡು ಬಸ್ಸು ಬದಲಿಸಿ ಬಂದ. ಐದು ಗಂಟೆ ಮೀರಿತ್ತು. ತಮ್ಮೂರು ಸುರಪುರದ ಬಸ್ಸು ತಪ್ಪೀತೆಂಬ ಅವಸರದಲ್ಲಿ ಅಂಬಣ್ಣ ಒಳಗೆ ಕೇಳದೆಯೇ ‘ಮಂಗಳವಾರ ಬರ್ರಿ’ ಎಂದು ಚೀಟಿ ಬರೆದುಕೊಟ್ಟು ಬಾಗಿಲು ಹಾಕಿದರು. ಭಾನುವಾರ ಮುಜಫರ ತಾನೇ ಜೀವ ಕಳೆದುಕೊಂಡ. ಅವನ ಕಿಸೆಯಲ್ಲಿ ಸಿಕ್ಕ ಚೀಟಿಯನ್ನು ತಾಯಿ ಮಕ್ತುಂಬಿ ತಂದು, ಉಮೆಸಲ್ಮಾ ಅವರ ಮೇಜಿನ ಮೇಲಿಟ್ಟು ಹೋದರು. ಬಾಗಿಲಲ್ಲಿ ನಿಂತಿದ್ದ ಅಂಬಣ್ಣ ಅದನ್ನು ಬರೆದವರು ತಾವೆಂದು ಒಪ್ಪಿಕೊಳ್ಳಲಿಲ್ಲ.

ಪುಸ್ತಕದಲ್ಲಿ ಉಮೆಸಲ್ಮಾ ಬರೆಯುತ್ತಾರೆ: ‘ಆ ಚೀಟಿ ಬರೆದವಳು ನಾನೇ.’ ಆಮೇಲಿನ ಆರು ತಿಂಗಳು ಅನ್ನ ಸೇರದೆ, ಎದುರು ಕೂತವರ ಮಾತು ಕಿವಿಗೆ ಬೀಳದೆ, ತಾವೇ ಒಬ್ಬ ಮನೋವೈದ್ಯರ ಮುಂದೆ ಕೂತು ಗುಳಿಗೆ ನುಂಗಿದ್ದನ್ನೂ ಮುಚ್ಚಿಟ್ಟಿಲ್ಲ. ಮರುವರ್ಷ ಅಂಬಣ್ಣನವರ ಮಗಳು ಭುವನೇಶ್ವರಿ ಹೆರಿಗೆಯಾದ ಮೇಲೆ ಮಾತು ಬಿಟ್ಟು ಗೋಡೆ ನೋಡುತ್ತಾ ಕೂತಾಗ, ಎಂಟು ಭಾನುವಾರ ಸುರಪುರಕ್ಕೆ ಹೋಗಿ, ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತು, ಅವಳನ್ನು ಮಾತಿಗೆ ತಂದವರೂ ಇವರೇ. ಅದನ್ನು ಮಾತ್ರ ಪುಸ್ತಕದಲ್ಲಿ ಬರೆದಿಲ್ಲ.

ಪುಸ್ತಕ ಹಿಡಿದು ಅಂಬಣ್ಣ ಉಮೆಸಲ್ಮಾ ಅವರ ಮನೆಗೆ ಹೋದರು.

“ಮೇಡಂ, ಆ ಚೀಟಿ ಬರದಾಂವ ನಾನ್ರಿ.”

“ನಿಮ್ಮ ಅಕ್ಷರ ನನಗ ಗುರ್ತು ಸಿಗಂಗಿಲ್ಲೇನ್ರಿ ಅಂಬಣ್ಣ? ಅವತ್ತೇ ಗೊತ್ತಿತ್ತು.”

“ಮತ್ತ ಯಾಕ ಸುಮ್ಮನಿದ್ರಿ?”

“ಒಬ್ಬಾಂವ ಹೋಗಿದ್ದ. ಹೇಳಿದ್ರ ನೀವೂ ಉಳ್ಯಂಗಿಲ್ಲ ಅನಿಸ್ತು.”

ಅಂಬಣ್ಣ ಹೊಸ್ತಿಲ ಮೇಲೆ ಕುಸಿದು ಮಕ್ಕಳಂತೆ ಅತ್ತರು. “ಆ ತಾಯಿಗೆ ಹೇಳಬೇಕ್ರಿ. ಒಬ್ಬನ ಹೋಗಾಕ ಕಾಲು ಬರವಲ್ವು,” ಎಂದರು.

ಮುಂದಿನ ಮಂಗಳವಾರ ಇಬ್ಬರೂ ಸೈದಾಪುರಕ್ಕೆ ಹೋದರು. ಅಂಬಣ್ಣ ಎಲ್ಲವನ್ನೂ ಹೇಳಿ ಮುಗಿಸಿದರು. ಮಕ್ತುಂಬಿ, “ಆ ಚೀಟಿ ಐತೇನ್ರಿ? ಇದ್ರ ಕೊಡ್ರಿ. ನನ್ನ ಮಗನ ಕಿಸೇದಾಗಿಂದದು,” ಎಂದರು. ಹತ್ತು ವರ್ಷ ತಮ್ಮ ಚೀಲದಲ್ಲೇ ಇಟ್ಟುಕೊಂಡಿದ್ದ ಚೀಟಿಯನ್ನು ಉಮೆಸಲ್ಮಾ ತೆಗೆದುಕೊಟ್ಟರು.

ಇನ್ನೊಬ್ಬರ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಬದುಕಿದ ಉಮೆಸಲ್ಮಾ ತಾಯಿ ನೂರು ವರ್ಷ ಬಾಳಲಿ. ನಿವೃತ್ತಿ ಎಂಬುದು ಹೆಸರಿಗಷ್ಟೇ, ಕೆಲಸ ಉಳಿದಿದೆ. ಪ್ರತಿ ಮಂಗಳವಾರ ಇಬ್ಬರೂ ಸೈದಾಪುರಕ್ಕೆ ಹೋಗಿ ಆ ಮನೆಯಲ್ಲಿ ಕೂತು ಬರುತ್ತಾರೆ. ಚೀಟಿ ಕೇಳಿದ ಮೇಲೆ ಮಕ್ತುಂಬಿ ಅವರೊಡನೆ ಮಾತಾಡಿಲ್ಲ. ಬಾಗಿಲನ್ನು ಮಾತ್ರ ಒಮ್ಮೆಯೂ ಹಾಕಿಲ್ಲ.