ಕುರೊನುಮಾ ಸೆನ್ಸೆಯ ಜೋಡಿ ತಪ್ಪಿದ ಚೆರ್ರಿ

ನಮ್ಮ ಕಣಿವೆಯಲ್ಲಿ ಹತ್ತರ ಒಳಗಿನ ಯಾವ ಸಂಖ್ಯೆಯೂ ಒಂಟಿಯಾಗಿ ಬಾಳಿದ್ದಿಲ್ಲ. ಯಾರಾದರೂ ಒಂದು ಅಂಕಿಯನ್ನು ಬಾಯಿಂದ ಹೊರಗೆ ಬಿಟ್ಟರೆ ಸಾಕು, ಕುರೊನುಮಾ ಮಿತ್ಸುಯೆ ಎಲ್ಲಿಂದಲೋ ಪ್ರತ್ಯಕ್ಷರಾಗಿ ಅದಕ್ಕೊಂದು ಸಂಗಾತಿ ಒದಗಿಸಿಬಿಡುತ್ತಿದ್ದರು. ಮೂರು ಅಂದರೆ ಏಳು, ನಾಲ್ಕು ಅಂದರೆ ಆರು, ಒಟ್ಟು ಹತ್ತು ತುಂಬಬೇಕು. ಹಲ್ಲಿನ ಡಾಕ್ಟರು "ಎರಡು ಹುಳುಕಾಗಿವೆ" ಎಂದಾಗ, ಬಾಯಿ ತುಂಬ ಸಲಕರಣೆ ಇದ್ದರೂ ಆಕೆ "ಎಂಟು" ಎಂದರಂತೆ. ಡಾಕ್ಟರು ಬೆಚ್ಚಿ ಇಡೀ ದವಡೆಯನ್ನು ಮತ್ತೆ ತಡಕಾಡಿದರಂತೆ. ಸಾವಿನ ಮನೆಯೊಂದರಲ್ಲಿ ದೇವಾಲಯದ ಗುರುಗಳು ಗಂಟೆಯನ್ನು ಒಂದು ಸಲ ಬಾರಿಸಿ ಕೈ ಇಳಿಸಿದ್ದರು. ಹಿಂದಿನ ಸಾಲಿನಿಂದ "ಒಂಬತ್ತು" ಎಂದು ಕೇಳಿಸಿತು. ಲೆಕ್ಕ ತಪ್ಪಿತೆಂದು ಗುರುಗಳು ಗಾಬರಿಯಾಗಿ ಮತ್ತೆ ಒಂಬತ್ತು ಸಲ ಬಾರಿಸಿದರು. ಅಷ್ಟು ಗಲಾಟೆಯಿಂದ ನಮ್ಮೂರಿನಲ್ಲಿ ಬೇರೆ ಯಾವ ಹೆಣವೂ ಸ್ವರ್ಗಕ್ಕೆ ಹೋಗಿಲ್ಲ. ಪ್ರವಾಹದ ವರ್ಷ ಧ್ವನಿವರ್ಧಕದಲ್ಲಿ "ನೀರು ನಾಲ್ಕು ಮೀಟರ್ ಏರಿದೆ" ಎಂದು ಕೂಗಿದಾಗ ಸೇತುವೆಯ ಮೇಲಿದ್ದ ಆಕೆ "ಆರು" ಎಂದರೆಂದೂ, ಇನ್ನೂ ಆರು ಮೀಟರ್ ಏರುವ ತ್ರಾಣವಿಲ್ಲದ ಮೊಗಾಮಿ ನದಿ ನಾಚಿ ಹಿಂದಕ್ಕೆ ಸರಿಯಿತೆಂದೂ ನಮ್ಮ ಹಿರಿಯರು ಆಣೆ ಹಾಕಿ ಹೇಳುತ್ತಾರೆ.

ನನ್ನ ತೋಫು ಅಂಗಡಿಗೂ ಈ ಮಹಿಮೆ ತಟ್ಟಿದೆ.

"ಮೂರು ತುಂಡು ಕಟ್ಟಲಾ, ಸೆನ್ಸೆ?"

"ಏಳು."

ಏಳು ಕಟ್ಟಿಕೊಟ್ಟೆ. ಸಂಜೆ ಅಷ್ಟನ್ನೂ ಹೊತ್ತು ವಾಪಸು ಬಂದರು. "ರೀ, ನಾನು ಒಂಟಿ ಹೆಂಗಸು. ಇಷ್ಟು ತೋಫು ಯಾರಿಗೆ ಹಾಕ್ಲಿ, ಕೊಳದ ಮೀನಿಗಾ?"

ಊರಿನ ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಯ ಟೀಚರು ಆಕೆ. ಸೆನ್ಸೆ, ಅಂದರೆ ಗುರುಗಳೇ, ಎಂದು ಕರೆದರೆ ನಮ್ಮಲ್ಲಿ ಇನ್ನಾರೂ ತಿರುಗುವುದಿಲ್ಲ. ಬಡ್ತಿ ಕೊಟ್ಟು ಆರನೇ ತರಗತಿಗೆ ಕಳಿಸಲು ನೋಡಿದವರಿಗೆಲ್ಲ, "ಅಲ್ಲಿ ಮಕ್ಕಳಿಗೆ ಹತ್ತು ಎಂದರೆ ಏನಂತ ಗೊತ್ತಿರುತ್ತೆ, ನನಗೇನು ಕೆಲಸ?" ಎಂದು ಕೈ ಮುಗಿದಿದ್ದರು. ಆಕೆಯ ದಿವ್ಯಾಸ್ತ್ರ ಒಂದು ಚೆರ್ರಿ ಹಣ್ಣಿನ ಚಿತ್ರ. ಎಂಟಕ್ಕೆ ಐದು ಕೂಡಿಸಬೇಕು ಅನ್ನಿ. ಐದರ ಕೆಳಗೆ ಒಂದು ತೊಟ್ಟು ಎಳೆದು, ಅದರ ತುದಿಗೆ ಎರಡು ಹಣ್ಣು ಬರೆಯುವುದು. ಒಂದರೊಳಗೆ ಎರಡು, ಇನ್ನೊಂದರೊಳಗೆ ಮೂರು. ಎರಡು ಹೋಗಿ ಎಂಟನ್ನು ಸೇರಿದರೆ ಹತ್ತು, ಉಳಿದದ್ದು ಮೂರು, ಒಟ್ಟು ಹದಿಮೂರು. ನಾವೆಲ್ಲ ಇದೇ ಚೆರ್ರಿಯನ್ನು ನಂಬಿ ದೊಡ್ಡವರಾದವರು.

ಈ ಅಸ್ತ್ರಕ್ಕೆ ಎದುರಾಳಿ ಹುಟ್ಟಿದ್ದು ಆರು ವರ್ಷದ ಹುಡುಗಿಯಾಗಿ. ಹೆಸರು ಸಾವಾ. ಓಕುಯಾಮಾ ತೊಕುಜಿಯ ಮೊಮ್ಮಗಳು.

ತೊಕುಜಿ ಎಂದರೆ ನಮ್ಮ ಕಣಿವೆಯ ಚೆರ್ರಿ ತೋಟಗಳಿಗೆಲ್ಲ ಸರ್ವೋಚ್ಚ ನ್ಯಾಯಾಲಯ. ಆತ ದಿಟ್ಟಿಸಿದರೆ ಹಣ್ಣು ತಾನಾಗಿ ಇನ್ನಷ್ಟು ಕೆಂಪಾಗುತ್ತದೆ. ಗಾತ್ರ ಕೂದಲೆಳೆಯಷ್ಟು ಕಮ್ಮಿ ಇದ್ದರೂ, ಬಣ್ಣ ಒಂದು ಮಗ್ಗುಲಲ್ಲಿ ಮಂಕಾದರೂ, ಬಿಟ್ಟ ಬುಟ್ಟಿಗೆ. ಬಿಟ್ಟ ಬುಟ್ಟಿ ಎಂದರೆ ಮಾರಾಟಕ್ಕೆ ಲಾಯಕ್ಕಿಲ್ಲವೆಂದು ಆರಿಸಿ ತೆಗೆದ ಹಣ್ಣಿನ ಬುಟ್ಟಿ. ಅದರಲ್ಲಿ ಬಿದ್ದದ್ದು ಮನೆಯವರ ಹೊಟ್ಟೆಗೆ, ಇಲ್ಲವೇ ಜಾಮಿಗೆ. ಸಾವಾ ನಡೆಯಲು ಕಲಿತಾಗಿನಿಂದ ಅಜ್ಜನ ಪಕ್ಕದಲ್ಲಿ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು ಈ ಶಾಸ್ತ್ರವನ್ನು ಅಭ್ಯಾಸ ಮಾಡಿದ್ದಳು.

ಅಕ್ಟೋಬರಿನಲ್ಲಿ ಸೆನ್ಸೆ ಬೋರ್ಡಿನ ಮೇಲೆ ಮೊದಲ ಚೆರ್ರಿ ಬರೆದ ದಿನ ಸಾವಾ ಕೈ ಎತ್ತಿದಳು. ನನ್ನ ಮಗ ಗೆನ್ ಅದೇ ತರಗತಿಯವನು. ಮನೆಗೆ ಬಂದು ಅಭಿನಯ ಸಮೇತ ವರದಿ ಒಪ್ಪಿಸಿದ.

"ಸೆನ್ಸೆ, ಅದು ಬಿಟ್ಟ ಬುಟ್ಟಿಗೆ."

"ಯಾವುದು, ಸಾವಾ?"

"ನಿಮ್ಮ ಹಣ್ಣು. ಒಂದೇ ತೊಟ್ಟಲ್ಲಿ ಒಂದು ಎರಡು, ಒಂದು ಮೂರು. ಜೋಡಿ ಸಮ ಇಲ್ಲ."

"ಹಂಗಾದ್ರೆ ಐದನ್ನ ಹೆಂಗೆ ಬಿಡಿಸ್ತೀಯಮ್ಮ?"

"ಬಿಡಿಸಕ್ಕೆ ಬರಲ್ಲ. ಐದೇ ಕಳಪೆ ಮಾಲು."

ಏಳಕ್ಕೂ ಒಂಬತ್ತಕ್ಕೂ ಅದೇ ತೀರ್ಪಾಯಿತು. ಆರನ್ನು ಮೂರು ಮೂರಾಗಿ, ಎಂಟನ್ನು ನಾಲ್ಕು ನಾಲ್ಕಾಗಿ ಮಾತ್ರ ಸೀಳುವುದು. ಬೆಸ ಸಂಖ್ಯೆಗಳಿಗೆ ಜಾಮೇ ಗತಿ. ವಾರ ಕಳೆಯುವುದರೊಳಗೆ ಈ ಧರ್ಮ ತರಗತಿಯ ತೋಟದ ಮಕ್ಕಳಿಗೆಲ್ಲ ಹರಡಿತು. ತೋಫು ಮಾರುವವನ ಮಗ ಗೆನ್ ಕೂಡ, "ಅಪ್ಪಾ, ಇವತ್ತು ಏಳು ಕಳಪೆ," ಎಂದು ಗಂಭೀರವಾಗಿ ಊಟಕ್ಕೆ ಕೂತ.

ಸೆನ್ಸೆ ಸುಲಭಕ್ಕೆ ಬಗ್ಗುವವರಲ್ಲ. ಎರಡು ಹಣ್ಣನ್ನೂ ಅಳತೆ ಮಾಡಿ ಒಂದೇ ಗಾತ್ರದಲ್ಲಿ ಬರೆದರು. ಸಾವಾ ಒಂದು ಕಣ್ಣು ಮುಚ್ಚಿ ಪರೀಕ್ಷಿಸಿ, "ಹೊರಗಡೆ ಸರಿ ಇದೆ. ಒಳಗಡೆ ಒಂದು ಹಗುರ," ಎಂದಳು. ಚೆರ್ರಿಯನ್ನು ಒರೆಸಿ ಪರ್ಸಿಮನ್ ಹಣ್ಣು ಬರೆದರು. "ಪರ್ಸಿಮನ್ ಒಂದು ತೊಟ್ಟಿಗೆ ಎರಡು ಬಿಡಲ್ಲ, ಸೆನ್ಸೆ. ಯಾರ ತೋಟದ್ದು ಇದು?" ಆಕೆ ಮತ್ತೆ ಚೆರ್ರಿಗೇ ಮರಳಿದರು. ಸಾವಾಳ ಲೆಕ್ಕದ ಹಾಳೆ ಮಾತ್ರ ದಿನವೂ ಅರ್ಧ ಖಾಲಿಯಾಗಿ ಬರುತ್ತಿತ್ತು. ಹುಡುಗಿಗೆ ಅಳು ಇಲ್ಲ, ಅಂಜಿಕೆ ಇಲ್ಲ. ತಾನು ಸರಿ ಎಂಬ ಹೆಮ್ಮೆಯಲ್ಲಿ ನೆಟ್ಟಗೆ ಕೂತು ಹಿಂದೆ ಬೀಳುತ್ತಿದ್ದಳು. ಸೆನ್ಸೆಯ ನಿದ್ದೆ ಕೆಡಿಸಿದ್ದು ಅದೇ. ಅಳುವ ಮಗುವಿಗೆ ಹೇಳಿಕೊಡಬಹುದು, ಗೆದ್ದೆ ಅಂದುಕೊಂಡ ಮಗುವಿಗೆ ಹೇಗೆ ಹೇಳಿಕೊಡುವುದು?

ಆ ತಿಂಗಳ ಒಂದು ಭಾನುವಾರ ಕೇರಿಯವರೆಲ್ಲ ನದಿಯ ದಂಡೆಯಲ್ಲಿ ಕಲ್ಲೊಲೆ ಹೂಡಿ ಇಮೊನಿ ಬೇಯಿಸುತ್ತಿದ್ದೆವು. ಕೆಸುವಿನ ಗಡ್ಡೆ, ದನದ ಮಾಂಸ, ಈರುಳ್ಳಿದಂಟು ಹಾಕಿದ ದೊಡ್ಡ ಹಂಡೆಯ ಸಾರು. ತೊಕುಜಿ ಬಟ್ಟಲು ಹಿಡಿದು ನೇರ ಸೆನ್ಸೆಯ ಎದುರು ಬಂದು ನಿಂತ.

"ಸೆನ್ಸೆ, ನಿಮ್ಮ ಬೋರ್ಡ್ ಮೇಲೆ ಕಳಪೆ ಹಣ್ಣು ನೇತಾಡ್ತಿದೆಯಂತೆ?"

"ಅದು ಹಣ್ಣಲ್ಲ ತೊಕುಜಿ ಅವರೇ, ಲೆಕ್ಕ."

"ಹಣ್ಣಲ್ಲ ಅಂದ್ರೆ ಹಣ್ಣು ಯಾಕೆ ಬರೀತೀರಿ? ನಾನು ಐವತ್ತು ವರ್ಷದಿಂದ ಕಟ್ಟಿದ ಕಣ್ಣು ನಮ್ಮ ಸಾವಾಗೆ ಬಂದಿದೆ. ಅದನ್ನ ನೀವು ಸೀಮೆಸುಣ್ಣದಲ್ಲಿ ಕೆಡಿಸ್ತಿದ್ದೀರಿ. ಕಡ್ಡಿ ಇಟ್ಟು ಎಣಿಸಕ್ಕೆ ಹೇಳಿಕೊಡಿ, ಸಾಕು."

"ಕಡ್ಡಿ ಎಣಿಸಿದ್ರೆ ಎಣಿಸ್ತಾನೇ ಇರ್ತಾಳೆ. ಹತ್ತು ಕಟ್ಟೋದು ಯಾವಾಗ ಕಲೀತಾಳೆ?"

"ಬರೋ ತಿಂಗಳು ಪೋಷಕರು ಪಾಠ ನೋಡೋ ದಿನ ಇದೆಯಲ್ಲ, ನಾನೇ ಬರ್ತೀನಿ. ಆ ಹಣ್ಣು ಅಲ್ಲಿದ್ರೆ ಎಲ್ಲರ ಎದುರಿಗೆ ನಾನೇ ಒರೆಸ್ತೀನಿ."

ಸೆನ್ಸೆ ಗಡ್ಡೆಯೊಂದನ್ನು ನುಂಗಿ ಹೇಳಿದರು: "ನಿಮಗ್ಯಾಕೆ ತೊಂದ್ರೆ? ಅವತ್ತು ನಿಮ್ಮ ಸಾವಾ ಎಲ್ಲರ ಎದುರು ಐದನ್ನ ಎರಡು ಮೂರು ಅಂತ ಬಿಡಿಸದೇ ಇದ್ರೆ ನಾನೇ ಒರೆಸ್ತೀನಿ. ಮತ್ತೆ ಈ ಶಾಲೇಲಿ ಚೆರ್ರಿ ಬರೆಯಲ್ಲ."

"ಮಾತು?"

"ಮಾತು."

ಯಾರೋ ವಾತಾವರಣ ತಿಳಿಮಾಡಲು, "ಇನ್ನೊಂದು ಬಟ್ಟಲು ಹಾಕಲಾ, ಸೆನ್ಸೆ?" ಎಂದರು. "ಒಂಬತ್ತು," ಎಂದರು ಆಕೆ, ಯೋಚನೆಯಲ್ಲೇ. ಹಂಡೆಯ ಮುಂದಿದ್ದವನು ಬಗ್ಗಿ ತಳದಲ್ಲಿ ಎಷ್ಟು ಸಾರು ಉಳಿದಿದೆ ಎಂದು ನೋಡಿದ.

ನವೆಂಬರಿನ ಆ ದಿನ ಬಂತು. ಗಸ್ಸನ್ ಬೆಟ್ಟದ ತಲೆ ಬೆಳ್ಳಗಾಗಿತ್ತು. ನಾವು ಅಪ್ಪ ಅಮ್ಮಂದಿರೆಲ್ಲ ಶಾಲೆಯ ಹಸಿರು ಚಪ್ಪಲಿ ಮೆಟ್ಟಿಕೊಂಡು, ಮಕ್ಕಳ ಚರ್ಮದ ಬ್ಯಾಗುಗಳ ಗೂಡಿಗೆ ಬೆನ್ನು ತಾಗಿಸಿ ತರಗತಿಯ ಹಿಂಭಾಗದಲ್ಲಿ ನಿಂತೆವು. ಮಧ್ಯದಲ್ಲಿ ತೊಕುಜಿ, ಮದುವೆಗೆ ಹಾಕುವ ಕೋಟು, ಎದೆಯ ಮೇಲೆ ಕಟ್ಟಿದ ಕೈ. ಎರಡು ಸೈನ್ಯಗಳ ನಡುವೆ ರಥ ನಿಲ್ಲಿಸಲು ಜಾಗವಿರಲಿಲ್ಲ, ಇಲ್ಲದಿದ್ದರೆ ಅದೂ ಬರುತ್ತಿತ್ತು.

ಸೆನ್ಸೆ ಎಂಟು, ಐದು ಎಂದು ಬರೆದರು. ಐದರ ಕೆಳಗೆ ತೊಟ್ಟು ಎಳೆದು ಎರಡು ಖಾಲಿ ಹಣ್ಣು ಬರೆದರು.

"ಸಾವಾ, ಬಾಮ್ಮ."

ಸಾವಾ ಬಂದಳು. ನೋಡಿದಳು. ಹಿಂದೆ ನಿಂತ ಅಜ್ಜನನ್ನೂ ಒಮ್ಮೆ ನೋಡಿದಳು.

"ಬಿಟ್ಟ ಬುಟ್ಟಿಗೆ."

ಹಿಂದಿನಿಂದ ನಗು ಎದ್ದಿತು. ತೊಕುಜಿಯ ಗದ್ದ ಒಂದು ಬೆರಳಿನಷ್ಟು ಮೇಲೇರಿತು. ಗೆನ್ ನನ್ನ ಕಡೆ ತಿರುಗಿ, ನಾನು ಹೇಳಲಿಲ್ಲವಾ ಎಂಬಂತೆ ಹುಬ್ಬು ಕುಣಿಸಿದ. ಸೆನ್ಸೆಯ ಕೈ ಡಸ್ಟರಿನ ಕಡೆ ಹೋದದ್ದನ್ನು ನಾವೆಲ್ಲ ಕಂಡೆವು. ಆದರೆ ಆ ಕೈ ಡಸ್ಟರನ್ನು ದಾಟಿ, ಅದರ ಪಕ್ಕದ ಡಬ್ಬಿಗೆ ಹೋಯಿತು. ಒಳಗೆ ಕೆಂಪು ಅಯಸ್ಕಾಂತದ ಬಿಲ್ಲೆಗಳಿದ್ದವು.

"ಆಗ್ಲಿ ಬಿಡು. ಜೂನ್‌ನಲ್ಲಿ ಅಜ್ಜನ ಶೆಡ್ಡಲ್ಲಿ ಪೆಟ್ಟಿಗೆ ತುಂಬ್ತೀಯಲ್ಲ, ಜೋಡಿ ಹಣ್ಣನ್ನ ತೊಟ್ಟು ಸಮೇತ ಹಂಗೇ ಇಡ್ತೀಯಾ?"

ಸಾವಾಗೆ ಅವಮಾನವಾಯಿತು. "ಇಲ್ಲಪ್ಪ! ಬಿಡಿಸಿ ಒಂದೊಂದೇ ಇಡ್ತೀವಿ. ಸಾಲಿಗೆ ಹತ್ತು."

"ಓ, ಹಂಗೋ," ಎಂದು ಸೆನ್ಸೆ ಬೋರ್ಡಿನ ಮೇಲೆ ಹತ್ತು ಮನೆಯ ಒಂದು ಉದ್ದ ಸಾಲು ಎಳೆದು, ಅದರಲ್ಲಿ ಎಂಟು ಕೆಂಪು ಬಿಲ್ಲೆ ಅಂಟಿಸಿದರು. ಉಳಿದ ಐದನ್ನು ದೂರದ ಮೂಲೆಯಲ್ಲಿ ಗುಡ್ಡೆ ಹಾಕಿದರು. ಆಮೇಲೆ ಸಾಲಿಗೆ ಬೆನ್ನು ತಿರುಗಿಸಿ ಕಿಟಕಿಯ ಕಡೆ ನೋಡುತ್ತಾ, "ಈ ವರ್ಷ ಹಿಮ ಬೇಗ ಬರೋ ಹಾಗಿದೆ, ಅಲ್ವೇನ್ರಪ್ಪ?" ಎಂದರು.

ಮಕ್ಕಳು ಹೌದು ಎಂದರು.

"ಮೂಲಂಗಿ ಎಲ್ಲ ಒಣಗಿಸಕ್ಕೆ ಹಾಕಿದ್ರಾ ನಿಮ್ಮನೇಲಿ?"

ಬೋರ್ಡಿನ ಮೇಲೆ ಎಂಟು ಕೆಂಪು ಹಣ್ಣು. ಕೊನೆಯಲ್ಲಿ ಬಾಯಿ ತೆರೆದ ಎರಡು ಖಾಲಿ ಮನೆ. ಸೆನ್ಸೆ ಮೂಲಂಗಿಯಿಂದ ಉಪ್ಪಿನಕಾಯಿಗೆ ಹೋದರು, ಉಪ್ಪಿನಕಾಯಿಯಿಂದ ತಮ್ಮ ಸೋದರತ್ತೆಯ ಮಂಡಿನೋವಿಗೆ ಹೋದರು. ಆ ಖಾಲಿ ಮನೆಗಳನ್ನು ನೋಡಿ ನನಗೇ ಬೆರಳು ತುರಿಸತೊಡಗಿತು. ಜೂನ್ ಬಂದರೆ ನಮ್ಮ ಕಣಿವೆಯಲ್ಲಿ ಕೈ ಇರುವವರೆಲ್ಲ ಪೆಟ್ಟಿಗೆ ತುಂಬುವವರೇ. ಅರ್ಧ ತುಂಬಿದ ಸಾಲನ್ನು ಬಿಟ್ಟು ಎದ್ದು ಹೋದವರನ್ನು ಊರು ಕ್ಷಮಿಸುವುದಿಲ್ಲ. ಪಕ್ಕದಲ್ಲಿ ತೊಕುಜಿಯ ಕಟ್ಟಿದ ಕೈ ಸಡಿಲವಾಯಿತು. ಹಣೆಯಲ್ಲಿ ಬೆವರು ಕಾಣಿಸಿತು. ಕೊನೆಗೆ ಆ ಮಹಾನುಭಾವ ತಡೆಯಲಾರದೆ, ಕೈ ಮುಂದೆ ಚಾಚಿಕೊಂಡು, ಡೆಸ್ಕುಗಳ ಸಂದಿಯಲ್ಲಿ ಬೋರ್ಡಿನ ಕಡೆ ಹೊರಟೇಬಿಟ್ಟ. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು.

ಆದರೆ ರಕ್ತ ಒಂದೇ. ಸಾವಾ ಬೋರ್ಡಿಗೆ ಹತ್ತಿರವಿದ್ದಳು.

"ಅಯ್ಯೋ, ಯಾರಾದ್ರೂ ಸಾಲು ತುಂಬ್ರಪ್ಪ!" ಎಂದವಳೇ ಮೂಲೆಯ ಗುಡ್ಡೆಗೆ ಕೈ ಹಾಕಿ ಎರಡು ಬಿಲ್ಲೆ ಕಿತ್ತು ಖಾಲಿ ಮನೆಗಳಲ್ಲಿ ಟಕ್ ಟಕ್ ಎಂದು ಕೂರಿಸಿದಳು. ಬಣ್ಣದ ಮಗ್ಗುಲು ಮೇಲಕ್ಕಿದೆಯೇ ಎಂದು ಹಿಂದೆ ಸರಿದು ನೋಡಿದಳು. "ಹ್ಞಾಂ. ಈಗ ಕಳಿಸಬಹುದು."

ಸೆನ್ಸೆ ಅತ್ತೆಯ ಮಂಡಿಯನ್ನು ಅಲ್ಲಿಗೇ ಬಿಟ್ಟು ತಿರುಗಿದರು. "ಗುಡ್ಡೇಲಿ ಎಷ್ಟು ಉಳೀತು?"

"ಮೂರು. ಮುಂದಿನ ಸಾಲಿಗೆ."

"ಒಟ್ಟು?"

"ಒಂದು ತುಂಬಿದ ಸಾಲು, ಮೂರು. ಹದಿಮೂರು."

"ಹಂಗಾದ್ರೆ ಐದನ್ನ ಏನು ಮಾಡಿದೆ?"

ಸಾವಾ ಬೋರ್ಡಿನ ಖಾಲಿ ಚೆರ್ರಿಯನ್ನು ನೋಡಿದಳು. ಸೀಮೆಸುಣ್ಣ ತೆಗೆದುಕೊಂಡು ಒಂದು ಹಣ್ಣಿನಲ್ಲಿ ಎರಡು, ಇನ್ನೊಂದರಲ್ಲಿ ಮೂರು ಬರೆದಳು. ಆಮೇಲೆ ತರಗತಿಯ ಕಡೆ ತಿರುಗಿ, ತೀರ್ಪು ತಿದ್ದುವ ನ್ಯಾಯಾಧೀಶೆಯ ಧಾಟಿಯಲ್ಲಿ ಸಾರಿದಳು: "ಇದು ಮಾರೋ ಜೋಡಿ ಅಲ್ಲ. ಬಿಡಿಸೋ ಜೋಡಿ. ಬಿಡಿಸೋದಕ್ಕೆ ಸಮ ಇರ್ಬೇಕು ಅಂತಿಲ್ಲ."

ತೋಟದ ಮಕ್ಕಳೆಲ್ಲ ತಲೆಯಾಡಿಸಿದರು. ಐದು, ಏಳು, ಒಂಬತ್ತು ಆ ಕ್ಷಣವೇ ಜಾಮಿನ ಶಿಕ್ಷೆಯಿಂದ ಬಿಡುಗಡೆಯಾದವು. ತೊಕುಜಿ ಒಂದು ಕಾಲಲ್ಲಿ ಮಾತ್ರ ಚಪ್ಪಲಿಯಿಟ್ಟು ಡೆಸ್ಕುಗಳ ನಡುವೆ ನಿಂತಿದ್ದ; ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಹತ್ತಿರವಿದ್ದ ಗೆನ್‌ನ ತಲೆ ಸವರಿದ.

"ಅಜ್ಜಾ, ನಿನಗಿಂತ ಮುಂಚೆ ನಾನೇ ತುಂಬಿದೆ!"

"ನೋಡಿದೆ ಕಣಮ್ಮ. ಸರಿಯಾಗೇ ತುಂಬಿದ್ದೀಯ," ಎಂದ ತೊಕುಜಿ. ಅಂಥ ಪ್ರಶಂಸೆ ಆ ಬಾಯಿಂದ ಯಾವ ಹಣ್ಣಿಗೂ ಸಿಕ್ಕಿದ್ದನ್ನು ನಾನು ಕೇಳಿಲ್ಲ.

ಗಂಟೆ ಬಾರಿಸಿದ ಮೇಲೆ ಬಾಗಿಲಲ್ಲಿ ನಮ್ಮ ನಮ್ಮ ಬೂಟು ಹುಡುಕುತ್ತಿದ್ದೆವು. ಅಷ್ಟರಲ್ಲೇ ಕಥೆ ಬೆಳೆಯತೊಡಗಿತ್ತು. ಸೆನ್ಸೆ ಇದಕ್ಕಾಗಿ ಇಡೀ ಬೇಸಿಗೆ ಶೆಡ್ಡುಗಳಲ್ಲಿ ವೇಷ ಮರೆಸಿ ಕೂತಿದ್ದರು ಎಂದು ಒಬ್ಬಾಕೆ ಆಗಲೇ ಹೇಳುತ್ತಿದ್ದಳು. ಸೆನ್ಸೆ ನಮ್ಮನ್ನು ಕಳಿಸಿಕೊಡಲು ಬಂದಾಗ ತೊಕುಜಿ ಎಲ್ಲರೆದುರು ಸೊಂಟ ಬಗ್ಗಿಸಿ ವಂದಿಸಿದ.

"ಸೆನ್ಸೆ, ಹಣ್ಣು ಬೋರ್ಡ್ ಮೇಲೇ ಇರ್ಲಿ. ನಾನು ಸೋತೆ."

"ಸೋತೋರು ಯಾರೂ ಇಲ್ಲ. ಸಾಲು ತುಂಬ್ತು, ಅಷ್ಟೇ."

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಊರಲ್ಲಿ ಯಾರು ಯಾವ ಅಂಕಿ ಹೇಳಿದ್ರೂ ನೀವು ಹತ್ತು ತುಂಬಿಸಿಬಿಡ್ತೀರಿ. ಹಲ್ಲಿನ ಡಾಕ್ಟರ ಹತ್ರ, ಸಾವಿನ ಮನೇಲಿ, ಪ್ರವಾಹದಲ್ಲಿ. ಇವತ್ತು ನನಗೆ ಅರ್ಥ ಆಯ್ತು. ಖಾಲಿ ಜಾಗ ಕಂಡ್ರೆ ನನಗೆ ಹೆಂಗೋ, ನಿಮಗೂ ಹಂಗೇ. ಇದು ಎಂಥಾ ತಪಸ್ಸು, ಸೆನ್ಸೆ! ಯಾವಾಗ ಹಿಡಿದಿರಿ ಈ ವ್ರತ?"

ಊರು ಇಷ್ಟು ವರ್ಷ ಕೇಳಲು ಅಂಜಿದ ಪ್ರಶ್ನೆ ಅದು.

ಸೆನ್ಸೆ ತೋಳಿಗೆ ಅಂಟಿದ್ದ ಸೀಮೆಸುಣ್ಣ ಕೊಡವಿಕೊಂಡರು.

"ವ್ರತ ಎಂಥದ್ದು ಬಂತು? ಚಿಕ್ಕೋಳಿದ್ದಾಗ ನನಗೆ ಇದು ತಲೆಗೇ ಹತ್ತಿರಲಿಲ್ಲ. ಈಗಲೂ ದಿನಾ ಹೇಳಿಕೊಳ್ಳದೇ ಇದ್ರೆ ಹತ್ತಾಗಕ್ಕೆ ನಾಲ್ಕಕ್ಕೆ ಇನ್ನೆಷ್ಟು ಬೇಕು ಅನ್ನೋದು ಮರೆತುಹೋಗುತ್ತೆ."