ಪಕ್ಕದ ಮನೆಯ ಬರೋರು

ನಮ್ಮ ಪಕ್ಕದ ಮನೆಯ ಮುದುಕರು ಬ್ಯಾರನ್ ಆದ ಸುದ್ದಿಯನ್ನು ಅಮ್ಮನಿಗೆ ಹೇಳಿದವನು ನಾನೇ. ತಪ್ಪು ಶುರುವಾದದ್ದೇ ಅಲ್ಲಿಂದ.

ಆಸ್ಟ್ರೇಲಿಯಾದ ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ನಮಗೂ ಅವರಿಗೂ ನಡುವೆ ಒಂದು ಬೇಲಿ. ಎಂಟು ವರ್ಷದವರಿದ್ದಾಗ ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದವರು, ಜೀವನವಿಡೀ ಪ್ಲಂಬರ್ ಕೆಲಸ ಮಾಡಿದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ನಾನೂ ನನ್ನ ಹೆಂಡತಿಯೂ ಆಫೀಸಿಗೆ ಹೋಗಿ, ಮಕ್ಕಳು ಅಜ್ಜಿಯ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಸ್ಕೂಲಿಗೆ ಓಡಿದ ಮೇಲೆ ಅಮ್ಮನ ಜೊತೆ ಮಾತಿಗೆ ಸಿಗುತ್ತಿದ್ದವರು ಅವರೊಬ್ಬರೇ. ಅಮ್ಮ ಬೇಲಿಯ ಈಚೆಯಿಂದ ಮೈಸೂರು ಕನ್ನಡದಲ್ಲಿ, ಅವರು ನಮ್ಮ ಕರಿಬೇವಿನ ಗಿಡಕ್ಕೆ ಆಚೆಯಿಂದಲೇ ಪೈಪಿನಲ್ಲಿ ನೀರು ಬಿಡುತ್ತ ಇಂಗ್ಲಿಷಿನಲ್ಲಿ, ದಿನಾ ಒಂದು ಗಂಟೆ ಹರಟುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದ ಕಾರಣ ಜಗಳವೇ ಆಗಿರಲಿಲ್ಲ.

ಒಂದು ದಿನ ಅವರಿಗೆ ಸ್ಕಾಟ್ಲೆಂಡಿನ ವಕೀಲರಿಂದ ಕಾಗದ ಬಂತು. ದೊಡ್ಡಪ್ಪನ ಮಗನೊಬ್ಬ ಮಕ್ಕಳಿಲ್ಲದೆ ಸತ್ತು, ಅವನ ಕೋಟೆಯೂ ಬ್ಯಾರನ್ ಎಂಬ ಬಿರುದೂ ಇವರ ಪಾಲಿಗೆ ಬಂದಿದ್ದವು.

"ಅಮ್ಮ, ಅವ್ರು ಈಗ ಬ್ಯಾರನ್ ಅಂತೆ."

"ಯಾರು ಬರೋನು?"

"ಪಕ್ಕದ್ಮನೆಯವ್ರಮ್ಮ. ಅವ್ರೇ ಬ್ಯಾರನ್."

"ಅಷ್ಟು ವಯಸ್ಸಾದೋರನ್ನ ಬರೋನು ಅಂತೀಯಲ್ಲೋ. ಬರೋರು ಅನ್ನು."

ಅಂದಿನಿಂದ ಅವರು ಬರೋರು. ಅಮ್ಮ ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿರುವ ನನ್ನ ಅಕ್ಕನಿಗೂ ಫೋನ್ ಮಾಡಿ, "ಪಕ್ಕದ್ಮನೆಯವ್ರು ಬರೋರು ಕಣೆ" ಅಂದರು. ಅಕ್ಕ ಗೆಸ್ಟ್ ರೂಮಿಗೆ ಹೊಸ ಬೆಡ್‌ಶೀಟ್ ಹಾಸಿ, ಅಡಿಲೇಡಿನಲ್ಲಿ ಡಾಕ್ಟರಾಗಿರುವ ತಮ್ಮನಿಗೂ ತಿಳಿಸಿದಳು. ಅವನು ಆಸ್ಪತ್ರೆಗೆ ರಜೆ ಹಾಕಿಯೇ ನನಗೆ ಫೋನ್ ಮಾಡಿದ. "ಅಣ್ಣ, ಯಾವ ಫ್ಲೈಟು? ಇಡ್ಲಿ ತಿಂತಾರಾ?"

ಆದರೆ ಬರೋರು ಹೊರಟಿದ್ದದ್ದು ಸ್ಕಾಟ್ಲೆಂಡಿಗೆ. ಅಲ್ಲೇ ಇದ್ದುಬಿಡುತ್ತಾರೋ ವಾಪಸು ಬರುತ್ತಾರೋ ಅವರಿಗೇ ಗೊತ್ತಿರಲಿಲ್ಲ. ಅಮ್ಮನಿಗೆ ಎರಡು ದಿನ ಊಟ ಸೇರಲಿಲ್ಲ. "ಅವ್ರು ಹೋದ್ರೆ ನಂಗಿಲ್ಲಿ ಮಾತಾಡೋಕೆ ಯಾರಿದಾರೋ?" ಎಂದು ಕೇಳಿಯೇಬಿಟ್ಟರು. ಅದೇ ಮನೆಯಲ್ಲಿರುವ ಮಗನಾದ ನನಗೆ ನಾಚಿಕೆಯಾಯಿತು.

ಕೋಟೆಯ ಫೋಟೋ ನೋಡಿದೆವು. ಗೋಡೆಗಳಿದ್ದವು, ಕುರಿಗಳಿದ್ದವು, ಸೂರಿರಲಿಲ್ಲ. ಜನ್ಮವಿಡೀ ಊರವರ ನಲ್ಲಿ ಸೋರುವುದನ್ನು ನಿಲ್ಲಿಸಿದೆ, ಈಗ ನನ್ನ ಕೋಟೆಯೇ ಸೋರುತ್ತಿದೆ ಎಂದು ಅವರು ನಕ್ಕರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ನಾನು ಕನ್ನಡದಲ್ಲಿ ಗೇಲಿ ಮಾಡಿದೆ. "ಸೂರಿಲ್ದಿದ್ರೆ ಅರ್ಧರಾತ್ರೀಲೂ ಕೊಡೆ ಬೇಕಾಗತ್ತೆ" ಎಂದು ಅಮ್ಮ ನನ್ನನ್ನು ಕ್ಯಾನಿಂಗ್ಟನ್ನಿನ ಅಂಗಡಿಗೆ ಅಟ್ಟಿ, ಅವರಿಗೆಂದು ದೊಡ್ಡದೊಂದು ಕೊಡೆ ತರಿಸಿದರು.

ಹೊರಡುವ ದಿನ ಅವರು ವಕೀಲರು ಕಳಿಸಿದ್ದ ವಂಶದ ಕಿಲ್ಟ್ ಉಟ್ಟು ಬಂದರು. ನಮ್ಮ ಕಣ್ಣಿಗೆ ಅದು ಚೌಕಳಿ ಲಂಗ. ಅಮ್ಮ ನೋಡಿದ್ದೇ, "ನೆರಿಗೆ ಹಿಂದಕ್ಕೆ ಬಂದಿದೆ, ತಿರುಗಿಸ್ಕೊಳ್ಳಿ" ಎಂದು ಕೈಸನ್ನೆ ಮಾಡಿದರು. ಕಿಲ್ಟಿನ ನೆರಿಗೆ ಹಿಂದೆಯೇ ಇರಬೇಕು ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಆ ಪುಣ್ಯಾತ್ಮರು ತಿರುಗಿಸಿಕೊಂಡಾಗಿತ್ತು. ನೆರಿಗೆ ಮುಂದಿಟ್ಟುಕೊಂಡು ವಿಮಾನ ಹತ್ತಿದ ಮೊದಲ ಬ್ಯಾರನ್ ಅವರೇ ಇರಬೇಕು.

ಟ್ಯಾಕ್ಸಿ ಹತ್ತುವಾಗ ಅವರು ಗುಡ್‌ಬೈ ಅಂದರು. ಅಮ್ಮ ಬಾಗಿಲು ಹಿಡಿದು ನಿಂತರು. "ಹೋಗ್ತೀನಿ ಅನ್ಬಾರ್ದು. ಬರ್ತೀನಿ ಅನ್ಬೇಕು. ಹೇಳಿ, ಬರ್ತೀನಿ."

ಅವರು "ಬರ್ಟೀನಿ" ಅಂದರು. ಅಮ್ಮ ಬಾಗಿಲು ಬಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಏಳು ವಾರ ಕರಿಬೇವಿಗೆ ಅಮ್ಮನೇ ನೀರು ಹಾಕಿದರು. ಎಂಟನೆಯ ವಾರದ ಒಂದು ಬೆಳಿಗ್ಗೆ ಗಿಡಕ್ಕೆ ಆಚೆಯಿಂದ ನೀರು ಬಿತ್ತು. ನಾವಿಬ್ಬರೂ ಬೇಲಿಯ ಹತ್ತಿರ ಓಡಿದೆವು. ಕೋಟೆ ಏನಾಯಿತೆಂದು ಕೇಳಿದೆ. ಕುರಿಗಳಿಗೇ ಬಿಟ್ಟು ಬಂದೆ, ಅಲ್ಲಿ ಮಾತಾಡಲು ಯಾರೂ ಇರಲಿಲ್ಲ ಎಂದರು. ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಲು ಹೊರಟೆ.

ಅಮ್ಮ ಕೈಯೆತ್ತಿ ತಡೆದರು. "ನೀನೇನು ಹೇಳೋದು? ಅವ್ರು ಬರೋರು ಅಂತ ನಾನು ಆವತ್ತೇ ಹೇಳ್ಲಿಲ್ವಾ?"