ಗಾದಿಗಿಂತ ಎತ್ತರದ ಕುರ್ಚಿ

ಮೊದಲು ಬಲಗೈಯ ಮೂರು ಬೆರಳು ಜುಮ್ಮೆಂದವು. ಕೈ ಕೊಡವಿಕೊಂಡೆ. ಟೈಪ್ ಮಾಡುತ್ತ ಹೋದೆ. ತಿಂಗಳೊಳಗೆ ರವಿಕೆಯ ಹುಕ್ಕು ಹಾಕಿಕೊಳ್ಳಲೂ ಬರದಾಯಿತು.

ಅರವತ್ತಮೂರು ವರ್ಷದ ನನಗೆ ತಂಗಿ ಹುಕ್ಕು ಹಾಕಿದಳು.

ರಾಣೆಬೆನ್ನೂರಿನ ಡಾಕ್ಟರು ಮಣಿಕಟ್ಟು ಮಡಚಿ, ತಟ್ಟಿ ನೋಡಿದರು.

"ಕಾರ್ಪಲ್ ಟನಲ್ ಸಿಂಡ್ರೋಮ್. ಮಣಿಕಟ್ಟಿನ್ಯಾಗ ನರ ಒತ್ತಿಗೊಂಡೈತಿ. ಕಂಪ್ಯೂಟರ್ ಮುಂದ ಹೆಂಗ ಕುಂದರ್ತೀರಿ?"

"ಚಕ್ಕಳಮಕ್ಕಳ ಹಾಕಿ, ಡಾಕ್ಟ್ರ."

ಅವರು ಪೆನ್ನು ಕೆಳಗಿಟ್ಟರು. "ಕುಂದ್ರೂದು ಬದಲಾಗ್ಲಿಲ್ಲಂದ್ರ ಗುಳಿಗಿ ಏನ್ ಮಾಡ್ತಾವ್ರಿ? ಆಪರೇಷನ್ನೇ ಗತಿ."

ಕಾನ್ವೆಂಟಿನಲ್ಲಿ ಓದಿ, ಕಾನ್ವೆಂಟಿನಲ್ಲೇ ಇಂಗ್ಲಿಷ್ ಕಲಿಸಿ ರಿಟೈರ್ ಆದ ನಾನು ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಹೊರದೇಶದ ಪತ್ರಗಳನ್ನು ಬರೆಯುತ್ತಿದ್ದೆ. ಅಂಗಡಿ ಎಂದರೆ ಗಾದಿ. ಬಿಳಿ ಹಾಸು, ಒರಗಲು ಲೋಡು, ಮೊಳಕಾಲೆತ್ತರದ ಡೆಸ್ಕು. ಆ ವರ್ಷ ಬಂದ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಆ ಡೆಸ್ಕಿನ ಮೇಲೇ ಕೂರಿಸಿದ್ದರು. ಕಾನ್ವೆಂಟಿನ ಟೈಪಿಂಗ್ ಕ್ಲಾಸಿನಲ್ಲಿ ಸಿಸ್ಟರ್ "ಬ್ಯಾಕ್ ಸ್ಟ್ರೇಟ್, ಗರ್ಲ್ಸ್" ಎನ್ನುತ್ತ ಸ್ಕೇಲು ಹಿಡಿದು ತಿರುಗುತ್ತಿದ್ದರು. ಎಷ್ಟು ಚೆಂದದ ಕುರ್ಚಿಗಳಿದ್ದವು ಅಲ್ಲಿ!

ಹೊಲಿಗೆಯ ಟೇಪು ಒಯ್ದು ಅಳೆದೆ. ಕೀಬೋರ್ಡು ಮೊಣಕೈಗಿಂತ ನಾಲ್ಕು ಇಂಚು ಮೇಲಿತ್ತು. ಡೆಸ್ಕಿನ ಅಂಚು ನೇರ ಮಣಿಕಟ್ಟಿಗೇ ಒತ್ತುತ್ತಿತ್ತು. ಜಾಗ ಸಾಲದೆ ಸ್ಕ್ರೀನನ್ನು ಎಡಕ್ಕೆ ಸರಿಸಿದ್ದರಿಂದ ದಿನವಿಡೀ ಕುತ್ತಿಗೆ ಹೊರಳಿಸಿಯೇ ಓದಬೇಕು. ಎಲ್ಲವನ್ನೂ ಚೀಟಿಯಲ್ಲಿ ಬರೆದು ಸಾವಕಾರ ಶಿವಪ್ಪನಿಗೆ ಕೊಟ್ಟೆ. ಅವನು ನನ್ನ ಹಳೆಯ ಸ್ಟೂಡೆಂಟ್.

"ಟೀಚರ್, ಗಾದೀಗಿಂತ ಎತ್ತರ ಕುಂತ್ರ ಅಂಗಡ್ಯಾಗ ಲಕ್ಷ್ಮಿ ಇರ್ತಾಳೇನ್ರಿ?"

"ಆಕೀನ ಕಮಲದ ಮ್ಯಾಲ ಕುಂತಾಳೋ ಶಿವಪ್ಪಾ. ನನಗೊಂದು ಕುರ್ಚಿಯರ ಕೊಡು."

ನಕ್ಕ. ಮರುದಿನ ನನ್ನ ಬೆನ್ನಿಗೆ ಹೊಸ ಲೋಡು ಬಂತು.

ಲೋಡು!

ಮುಂದಿನ ವಾರ ಮತ್ತೊಂದು. ಅವನದು ಕೆಟ್ಟ ಮನಸ್ಸಲ್ಲ, ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಕೆಟ್ಟವರೊಡನೆ ಜಗಳವಾಡಬಹುದು, ಮೆತ್ತಗಿನ ಲೋಡು ತಂದು ಕೊಡುವವರೊಡನೆ ಏನು ಮಾಡುವುದು? ಕೊನೆಗೊಂದು ದಿನ ಪತ್ರಕ್ಕೆ ಸಹಿ ಮಾಡುವಾಗ ಪೆನ್ನು ಜಾರಿ ಬಿತ್ತು.

"ಈ ಕೈ ಹೋದ್ರ ನಿನ್ನ ಲೋಡು ನನಗ ಉಣಸ್ತೈತೇನೋ?"

ಗಾದಿಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಶಿವಪ್ಪನ ಮುಖ ಕೆಂಪಾಯಿತು. ಬಿದ್ದ ಪೆನ್ನು ಎತ್ತಿ ಕೊಟ್ಟು ಹೇಳಿದ: "ಸ್ಯಾಂಪಲ್ ಖೋಲ್ಯಾಗ ಗಾದಿ ಇಲ್ರಿ. ಅಲ್ಲಿ ಎಷ್ಟ್ ಎತ್ತರ ಬೇಕಾದ್ರೂ ಕುಂದರ್ರಿ."

ಈಗ ಮೆಣಸಿನಕಾಯಿ ಮಾದರಿ ಇಡುವ ಆ ಕೋಣೆಯಲ್ಲಿದ್ದೇನೆ. ಕುರ್ಚಿ, ಟೇಬಲ್, ಮಣಿಕಟ್ಟು ಮಡಚದಂತೆ ಕೈಗೆ ಸ್ಪ್ಲಿಂಟ್ ಪಟ್ಟಿ. ಸುತ್ತಲೂ ಮೆಣಸಿನಕಾಯಿ, ಟೈಪ್ ಮಾಡಿದ ಸಾಲಿಗೊಂದು ಸೀನು. ಎರಡು ಬೆರಳಿಗೆ ಸ್ಪರ್ಶ ಮರಳಿದೆ, ಮೂರನೆಯದಕ್ಕೆ ಇಲ್ಲ. ಆಪರೇಷನ್ ಸದ್ಯಕ್ಕೆ ಬೇಡ ಎಂದಿದ್ದಾರೆ ಡಾಕ್ಟರು. ಶಿವಪ್ಪನಿಗೆ ಥ್ಯಾಂಕ್ಸ್ ಹೇಳಿದೆ, ಮನಸಾರೆ. ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ.